ನಾಯಕಿಯ ಹೆಸರಿಗಿಂತ ದೊಡ್ಡ ಅಕ್ಷರ

ಬ್ಯಾಂಕಾಕ್
ಜನವರಿ 6, ಬುದ್ಧಶಕ 2526 (ಕ್ರಿ.ಶ. 1983)

ಪ್ರೀತಿಯ ಲಮುನ್ ಅತ್ತೆ,

ನಿಮ್ಮ ಹೆಸರು ಸಿನಿಮಾ ಪೋಸ್ಟರಿನ ಮೇಲೆ ಬಂದಿದೆ, ಅದೂ ನಾಯಕಿಯ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ! ಹಿರಿಯರಿಗೆ ಬರೆಯುವಾಗ ಮೊದಲು ಕೈಮುಗಿದು, ಆರೋಗ್ಯ ವಿಚಾರಿಸಿ, ಆಮೇಲೆ ವಿಷಯಕ್ಕೆ ಬರಬೇಕೆಂದು ವಿತೂನ್ ಪಕ್ಕದಲ್ಲಿ ಕೂತು ಹೇಳುತ್ತಲೇ ಇದ್ದಾರೆ. ನನಗೆ ತಡೆದುಕೊಳ್ಳಲು ಆಗಲಿಲ್ಲ. ಈಗ ಕೈಮುಗಿದಿದ್ದೇನೆ. ಮಂಡಿನೋವು ಹೇಗಿದೆ, ಅತ್ತೆ?

ನಾನು ನೊಯ್ನಾ. ಹೋದ ನವೆಂಬರಿನಲ್ಲಿ ನಿಮ್ಮ ತಮ್ಮನ ಮಗ ವಿತೂನ್ ಅವರನ್ನು ಮದುವೆಯಾದವಳು. ಮಂಡಿನೋವೆಂದು ನೀವು ಮದುವೆಗೆ ಬರಲಿಲ್ಲ. ಆದರೆ ನೀವು ಕಳಿಸಿದ ದಪ್ಪ ಹೊದಿಕೆ ದಿನವೂ ನಮ್ಮ ಮೇಲಿರುತ್ತದೆ. ಬ್ಯಾಂಕಾಕಿನ ಸೆಕೆಗೆ ವಿತೂನ್ ಬೆವರಿ ಒದ್ದೆಯಾಗುತ್ತಾರೆ, ನಾನು ಮಾತ್ರ ತೆಗೆಯಲು ಬಿಡುವುದಿಲ್ಲ. ಅವರ ಕಡೆಯ ಹಿರಿಯರೆಂದು ಉಳಿದಿರುವವರು ನೀವೊಬ್ಬರೇ. ನಿಮ್ಮನ್ನು ಇನ್ನೂ ನೋಡಿಯೇ ಇಲ್ಲವಲ್ಲ ಎಂಬುದೊಂದೇ ನನ್ನ ಕೊರಗು.

ವಿಷಯ ಹೀಗಿದೆ. ಮದುವೆಯಾದರೂ ನನ್ನ ಕಾಲೇಜು ಮುಗಿದಿಲ್ಲ. ಕೊನೆಯ ವರ್ಷದ ಕೆಲಸವಾಗಿ ನಾವು ಐದು ಜನ ಸೇರಿ ಒಂದು ಚಿಕ್ಕ ಸಿನಿಮಾ ತೆಗೆದಿದ್ದೇವೆ. ಹೆಸರು ‘ಆಚೆ ದಡದ ಕೂಗು’. ಬುವಾ ಎಂಬ ಹುಡುಗಿ ನದಿಯಲ್ಲಿ ದೋಣಿ ನಡೆಸುತ್ತಾಳೆ, ಒಬ್ಬ ಗುತ್ತಿಗೆದಾರ ಅವಳ ದೋಣಿಗಟ್ಟೆಯನ್ನು ಕಿತ್ತುಕೊಳ್ಳಲು ಬರುತ್ತಾನೆ. ಕಾಲೇಜಿನ ಹಳೆಯ ಕ್ಯಾಮೆರಾ ಚಿತ್ರ ಹಿಡಿಯುತ್ತದೆಯೇ ಹೊರತು ಸದ್ದು ಹಿಡಿಯುವುದಿಲ್ಲ. ಹಾಗಾಗಿ ಸಿನಿಮಾ ಮೂಕಿ. ತೋರಿಸುವಾಗ ಯಾರಾದರೂ ಮೈಕಿನ ಮುಂದೆ ಕೂತು ಎಲ್ಲರ ಮಾತನ್ನೂ ಆಡಬೇಕು.

ನನ್ನ ಪಾಲಿಗೆ ಬಂದದ್ದು ಪೋಸ್ಟರ್. ಅದನ್ನು ನೋಡಿ ಹೊರಗಿನವರು ಬಂದರಷ್ಟೇ ಅಂಕ. ನಮ್ಮ ಸುಪಾನೀ ಟೀಚರ್ ಮೊದಲ ದಿನವೇ ಹೇಳಿಬಿಟ್ಟಿದ್ದಾರೆ: “ಪೋಸ್ಟರ್ ಅಂದ್ರೆ ಊರಿಗೆಲ್ಲ ಮಾತು ಕೊಟ್ಟ ಹಾಗೆ. ಒಳಗೆ ಇಲ್ಲದ್ದನ್ನ ಹೊರಗೆ ಬರೆದವರಿಗೆ ಸೊನ್ನೆ.” ನಾನು ಕಾನ್ವೆಂಟಿನಲ್ಲಿ ವಿದೇಶೀ ಪತ್ರಿಕೆ ನೋಡಿ ಬೆಳೆದವಳಲ್ಲವೇ, ಬಿಳಿ ಹಾಳೆಯ ಮಧ್ಯೆ ಒಂದೇ ಒಂದು ಖಾಲಿ ದೋಣಿ ಬರೆದೆ. ನನಗೇ ಕಣ್ಣು ತುಂಬಿ ಬಂತು. ವಿತೂನ್ ನೂಡಲ್ಸ್ ತಿನ್ನುತ್ತಾ ನೋಡಿದವರು, “ದೋಣಿ ಮಾರಾಟಕ್ಕಿದೆಯಾ?” ಎಂದರು.

ಸಂಜೆಯವರೆಗೆ ನಾನು ಅವರ ಜೊತೆ ಮಾತಾಡಲಿಲ್ಲ. ಆಮೇಲೆ ರಾಜಿಗೆಂದು ನಿಮ್ಮೂರು ತಾಪಾನ್ ಹಿನ್‌ನ ಸಿನಿಮಾ ಮಂದಿರದ ಕಥೆ ತೆಗೆದರು, ಆಗಿನ ಮೂಕಿ ಸಿನಿಮಾಗಳಿಗೆ ನೀವೂ ಮಾವನೂ ಮೈಕಿನಲ್ಲಿ ಮಾತು ತುಂಬುತ್ತಿದ್ದ ಕಥೆ. “ನಮ್ಮೂರಲ್ಲಿ ಹೀರೋಯಿನ್ ಯಾರು ಅಂತ ಯಾರೂ ಕೇಳ್ತಿರ್ಲಿಲ್ಲ ಕಣೇ. ಇವತ್ತು ಮಾತು ಯಾರದು ಅಂತ ಕೇಳೋರು. ಲಮುನ್ ಅತ್ತೆದು ಅಂದ್ರೆ ಹೆಂಗಸರು ಸೊಂಟಕ್ಕೆ ಇನ್ನೊಂದು ಟವೆಲ್ ಸಿಕ್ಕಿಸ್ಕೊಂಡು ಬರೋರು, ಅಳೋದಕ್ಕೆ. ಪೋಸ್ಟರಲ್ಲಿ ಅತ್ತೆ ಹೆಸರು ಹೀರೋ ತಲೆಗಿಂತ ದಪ್ಪ ಇರೋದು.” ರಜೆಗೆ ಬಂದಾಗ ಮುಂದಿನ ಬೆಂಚಿನಲ್ಲಿ ಕೂತು ನಿಮ್ಮ ದನಿಗೆ ಅತ್ತದ್ದು, ಕಮ್ತೋನ್ ಮಾವ ಖಳನಾಗಿ ನಕ್ಕಾಗ ಬೆಂಚಿನ ಕೆಳಗೆ ಇಳಿದದ್ದು, ಎಲ್ಲ ಹೇಳಿದರು. ನೀವಿಬ್ಬರೂ ಮೈಕಿನ ಮುಂದೆ ಕೂರುತ್ತಿದ್ದ ಮೇಲಿನ ಕೋಣೆಗೆ ಹತ್ತಿ ಬಂದರೆ ಬಾಗಿಲು ಯಾವಾಗಲೂ ಮುಚ್ಚಿರುತ್ತಿತ್ತಂತೆ.

ಅದನ್ನು ಕೇಳಿದವಳೇ ದೋಣಿಯ ಮೇಲೆ ಬರೆದೆ: ‘ಬುವಾಳ ದನಿ – ತಾಪಾನ್ ಹಿನ್ ಲಮುನ್’. ಟೀಚರಿಗೆ ತುಂಬಾ ಹಿಡಿಸಿತು. ಮಾರ್ಚ್ 5ಕ್ಕೆ ನಮ್ಮ ಕಾಲೇಜಿನ ಸಭಾಂಗಣದಲ್ಲಿ ಪ್ರದರ್ಶನ. ಬರುತ್ತೀರಲ್ಲವೇ? ಖಳನ ಮಾತನ್ನು ನಮ್ಮ ನಿರ್ದೇಶಕ ಅನುಚಾ ಕಲಿಯುತ್ತಿದ್ದಾನೆ. ಅವನು ನಕ್ಕರೆ ಬೆಕ್ಕಿಗೆ ಬಿಕ್ಕಳಿಕೆ ಬಂದಂತಿರುತ್ತದೆ. ನೀವೊಬ್ಬರು ಬಂದರೆ ಅದೆಲ್ಲ ಮುಚ್ಚಿಹೋಗುತ್ತದೆ.

ಕ್ಷಮಿಸಿ, ಧನ್ಯವಾದ, ಮತ್ತೊಮ್ಮೆ ಕ್ಷಮಿಸಿ.
ನಿಮ್ಮ ನೊಯ್ನಾ


ತಾಪಾನ್ ಹಿನ್
ಜನವರಿ 14

ನೊಯ್ನಾಳಿಗೆ,

ಕಾಗದ ತಲುಪಿತು. ನಿನಗೆ ನೊಯ್ನಾ ಎಂದು ಸೀತಾಫಲದ ಹೆಸರಿಟ್ಟವರು ತಿಳಿದೇ ಇಟ್ಟಿದ್ದಾರೆ. ಸಿಹಿ ಇದೆ, ಒಂದು ಚಮಚ ತಿರುಳಿಗೆ ಹತ್ತು ಬೀಜವೂ ಇದೆ. ಕ್ಷಮಿಸಿ ಎಂದು ಅಷ್ಟು ಸಲ ಬರೆಯಬೇಡ. ಇಲ್ಲಿ ಒಬ್ಬರ ಹಸು ಇನ್ನೊಬ್ಬರನ್ನು ತುಳಿದರೂ ಅಷ್ಟು ಸಲ ಕ್ಷಮೆ ಕೇಳುವುದಿಲ್ಲ.

ನಾನು ಬರುವುದಿಲ್ಲ. ನನ್ನ ಹೆಸರು ತೆಗೆದುಬಿಡು. ಸಿನಿಮಾ ಮಂದಿರ ಮುಚ್ಚಿ ಕಾಲವಾಯಿತು, ಈಗ ಅಲ್ಲಿ ಭತ್ತದ ಮೂಟೆ ಇಡುತ್ತಾರೆ. ನಾನು ಒಣಮೆಣಸು ಹುರಿದು ಕುಟ್ಟಿ ಚಟ್ನಿ ಮಾಡಿ ಸಂತೆಯಲ್ಲಿ ಮಾರುತ್ತೇನೆ. ಆ ಘಾಟಿಗೆ ಗಂಟಲು ಹೋಗಿದೆ. ನಿನ್ನ ಮಾವ ತೀರಿಕೊಂಡ ಮೇಲೆ ಮೈಕು ಮುಟ್ಟಿಲ್ಲ.

ನಿನ್ನ ಗಂಡ ತೂನ್ ಹೇಳಿದ್ದು ಸರಿ. ಖಾಲಿ ದೋಣಿ ನೋಡಲು ಯಾರು ಬರುತ್ತಾರೆ? ನದಿಗೆ ಹೋದರೆ ಪುಕ್ಕಟೆ ಕಾಣುತ್ತದೆ.

ಖಳ ಕೊನೆಯಲ್ಲಿ ನಗುತ್ತಾನೋ, ಮೊದಲೇ ನಗುತ್ತಾನೋ? ಆ ಹುಡುಗನಿಗೆ ಹೇಳು, ನಗುವುದು ಗಂಟಲಿನಿಂದ ಅಲ್ಲ, ಹೊಟ್ಟೆಯಿಂದ. ಗಂಟಲಿನಿಂದ ನಕ್ಕರೆ ಬೆಕ್ಕೇ ಆಗುತ್ತದೆ.

ಲಮುನ್


ಬ್ಯಾಂಕಾಕ್
ಜನವರಿ 19

ಪ್ರೀತಿಯ ಅತ್ತೆ,

ನಿಮ್ಮ ಕಾಗದವನ್ನು ಓದಿ ಓದಿ ಮಡಿಕೆ ಹರಿದಿದೆ. ನಿಮಗೆ ಯಾಕೆ ಬೇಸರವಾಯಿತೆಂದು ನನಗೆ ಗೊತ್ತಾಯಿತು. ಅಷ್ಟು ದೊಡ್ಡ ಕಲಾವಿದೆಯ ಹೆಸರು ಹಾಕಿ, ಮುಖ ಹಾಕದೆ, ಒಂದು ಖಾಲಿ ದೋಣಿ ಇಟ್ಟೆನಲ್ಲ. ನನ್ನ ತಪ್ಪು. ಸರಿಪಡಿಸಿದ್ದೇನೆ.

ವಿತೂನ್ ಬಳಿ ನಿಮ್ಮ ಹರೆಯದ ಒಂದು ಫೋಟೋ ಇತ್ತು, ಸಿನಿಮಾ ಮಂದಿರದ ಮುಂದೆ ಜಡೆ ಹಾಕಿಕೊಂಡು ನಿಂತದ್ದು. ಅದರಿಂದ ನಿಮ್ಮ ಒಂದು ಕಣ್ಣನ್ನು ದೊಡ್ಡದಾಗಿ ಬರೆದಿದ್ದೇನೆ. ಹಾಳೆ ತುಂಬಾ ಕಣ್ಣು. ಅದರಿಂದ ಇಳಿಯುವ ಹನಿಯೊಳಗೆ ಪುಟ್ಟ ದೋಣಿ. ಎರಡೇ ಬಣ್ಣ, ನೀಲಿ ಮತ್ತು ಕಪ್ಪು. ಚೌಕಟ್ಟಿಗೆ ಬಿಗಿದ ರೇಷ್ಮೆಬಟ್ಟೆಯ ಮೇಲೆ ಬಣ್ಣ ಸುರಿದು ರಬ್ಬರಿನ ಪಟ್ಟಿಯಿಂದ ನಾವೇ ಎಳೆದು ಅಚ್ಚು ಹಾಕಿದೆವು. ನನ್ನ ಮದುವೆಯ ಉಂಗುರದೊಳಗೆ ಇನ್ನೂ ನೀಲಿ ಇದೆ. ವಿತೂನ್ ನೋಡಿ, “ಇದು ಅತ್ತೆನೇ. ಆದರೆ ಅತ್ತೆ ಅತ್ತಿದ್ದು ನಾನು ನೋಡೇ ಇಲ್ಲ” ಎಂದರು. ಕೇಳಿದ್ದೀರಲ್ಲ, ಸಾಲದೇ ಎಂದೆ.

ಒಂದು ವಿಷಯ ಮೊದಲ ಕಾಗದದಲ್ಲಿ ಬರೆದಿರಲಿಲ್ಲ. ಆ ಕಾಗದ ಬರೆಯುವ ಹೊತ್ತಿಗೆ ದೋಣಿಯ ಪೋಸ್ಟರ್ ಅಚ್ಚಾಗಿ, ನದಿ ದಾಟುವ ಕಟ್ಟೆಯ ಬಳಿ ಅಂಟಿಸಿಯೂ ಆಗಿತ್ತು. ನೀವು ಒಪ್ಪೇ ಒಪ್ಪುತ್ತೀರೆಂದು ಅಂದುಕೊಂಡಿದ್ದೆ. ಈಗ ಅಲ್ಲಿ ಸೊಪ್ಪು ಮಾರುವ ಅಜ್ಜಿಯೊಬ್ಬರು ದಿನವೂ ನನ್ನನ್ನು ಹಿಡಿದು ನಿಲ್ಲಿಸುತ್ತಾರೆ. ಅವರು ನಿಮ್ಮ ಕಡೆಯವರಂತೆ. “ಲಮುನ್ ನಿಜವಾಗ್ಲೂ ಬರ್ತಾಳೇನಮ್ಮಾ? ಅವಳ ಅಳು ಕೇಳಿ ನನ್ನ ಗಂಡನ್ನೇ ಕ್ಷಮಿಸಿಬಿಟ್ಟಿದ್ದೆ. ನಮ್ಮ ಓಣೀನೆಲ್ಲ ಕರ್ಕೊಂಡು ಬರ್ತೀನಿ” ಅನ್ನುತ್ತಾರೆ. ನೀವು ಬರದಿದ್ದರೆ ನನಗೆ ಸೊನ್ನೆ, ಅದು ಇರಲಿ. ಆ ಅಜ್ಜಿಗೆ ನಾನು ಏನು ಹೇಳಲಿ?

ಪ್ರಯಾಣ ಬೇಡವೆಂದರೆ ಇನ್ನೊಂದು ದಾರಿ ಇದೆ. ಈ ಪೋಸ್ಟರಿನ ಜೊತೆ ಸಿನಿಮಾದ ಮಾತೆಲ್ಲ ಬರೆದು ಕಳಿಸಿದ್ದೇನೆ, ಒಂದು ಖಾಲಿ ಕ್ಯಾಸೆಟ್ಟೂ ಇದೆ. ಬುವಾ ದೋಣಿಯ ತಳದಲ್ಲಿ ಕೂತು ಅಳುವ ಒಂದು ಭಾಗವನ್ನಾದರೂ ನಿಮ್ಮ ಮನೆಯಲ್ಲೇ ಆಡಿ ಕಳಿಸಿ. ಘಾಟು ಹಿಡಿದ ಗಂಟಲಾದರೂ ಅಳುವಿಗೆ ಚೆನ್ನಾಗಿಯೇ ಒಪ್ಪುತ್ತದೆ.

ಹಟಮಾರಿ ಸೊಸೆ
ನೊಯ್ನಾ


ತಾಪಾನ್ ಹಿನ್
ಜನವರಿ 30

ನೊಯ್ನಾಳಿಗೆ,

ಪೋಸ್ಟರ್ ನೋಡಿದೆ. ಕಣ್ಣು ನನ್ನದೇ. ಹನಿ ನನ್ನದಲ್ಲ. ಸುರುಳಿ ಸುತ್ತಿ ಅಕ್ಕಿಡಬ್ಬಿಯ ಹಿಂದೆ ಇಟ್ಟಿದ್ದೇನೆ. ಯಾರಿಗೂ ತೋರಿಸಿಲ್ಲ.

ಅಳು ನನ್ನ ಕೈಲಾಗದು. ಎಷ್ಟು ಸಲ ಕೇಳಿದರೂ ಅದೇ ಉತ್ತರ. ಆ ಅಜ್ಜಿಗೆ ಹೇಳು, ಕ್ಷಮಿಸಿದ ಗಂಡ ಚೆನ್ನಾಗಿದ್ದರೆ ಸಾಕು, ಮತ್ತೆ ಅಳುವುದು ಯಾಕೆ ಎಂದು.

ಕ್ಯಾಸೆಟ್ ಖಾಲಿ ಕಳಿಸಬಾರದೆಂದು ಖಳನ ಮಾತುಗಳನ್ನು ತುಂಬಿಸಿ ಕಳಿಸಿದ್ದೇನೆ. ಬೆಕ್ಕಿನ ಹುಡುಗ ಕೇಳಿ ಕಲಿಯಲಿ. ಯಾರು, ಏನು ಎಂದು ಕೇಳಬೇಡ.

ಜೊತೆಗೆ ಚಟ್ನಿ ಭರಣಿ ಇದೆ. ತೂನ್‌ಗೆ ಬೇಯಿಸಿದ ತರಕಾರಿ ಜೊತೆ ಕೊಡು. ಬರೀ ಅನ್ನಕ್ಕೆ ಕಲಸಿಕೊಂಡರೆ ಹೊಟ್ಟೆ ಉರಿಯುತ್ತದೆ, ಅವನಿಗೆ ಮಿತಿ ಗೊತ್ತಿಲ್ಲ.

ಲಮುನ್


ಬ್ಯಾಂಕಾಕ್
ಫೆಬ್ರವರಿ 5

ಪ್ರೀತಿಯ ಅತ್ತೆ,

ಕೇಳಬೇಡ ಅಂದಿರಿ. ಕೇಳದೆ ಇರುವುದು ಹೇಗೆ?

ಕ್ಯಾಸೆಟ್ ಬಂದ ದಿನ ಎಲ್ಲರೂ ನಮ್ಮ ಕೋಣೆಯಲ್ಲೇ ಸೇರಿದ್ದರು. ಪೊಟ್ಟಣವೆಲ್ಲ ಸೀಗಡಿ ಮತ್ತು ಬೆಳ್ಳುಳ್ಳಿಯ ವಾಸನೆ. ಅನುಚಾ, “ಇದನ್ನ ಹಾಕೋದಾ, ಅನ್ನಕ್ಕೆ ಕಲಸೋದಾ?” ಎಂದು ನಗಿಸುತ್ತಾ ಗುಂಡಿ ಒತ್ತಿದ. ಮೊದಲು ಕೋಳಿ ಕೂಗಿದ್ದು, ಯಾರೋ ಬಾಗಿಲು ಮುಚ್ಚಿದ್ದು ಕೇಳಿಸಿತು. ಆಮೇಲೆ ಆ ದನಿ. “ಬುವಾ, ನಿನ್ನ ದೋಣಿ ಮುಳುಗಿಸೋಕೆ ನಾನ್ಯಾಕೆ ಬೇಕು? ನಿನ್ನ ಹಟ ಸಾಕು.” ಆ ಮೇಲೆ ನಗು. ಅತ್ತೆ, ಅದು ಮೆತ್ತಗೆ ಶುರುವಾಗುತ್ತದೆ, ಯಾರೋ ಲೆಕ್ಕ ಸರಿಹೋಯಿತೆಂದು ಸಂತೋಷಪಟ್ಟ ಹಾಗೆ. ಆಮೇಲೆ ನೆಲದ ಹಲಗೆಯೆಲ್ಲ ನಗುತ್ತದೆ. ಮನೆಯೊಡತಿಯ ನಾಯಿ ಮಂಚದ ಕೆಳಗೆ ಹೋದದ್ದು ಮರುದಿನವೇ ಹೊರಬಂದದ್ದು.

ನಾವೆಲ್ಲ ಚಪ್ಪಾಳೆ ತಟ್ಟಿದೆವು. ವಿತೂನ್ ಮಾತ್ರ ತಟ್ಟಲಿಲ್ಲ. ಬೆಳ್ಳಗಾಗಿ ಕೂತಿದ್ದರು. “ಇದು ಕಮ್ತೋನ್ ಮಾವ. ಇದೇ ನಗು. ಈ ನಗು ಇನ್ನೊಬ್ಬರಿಗೆ ಬರಲ್ಲ” ಎಂದರು.

ನಾನು ತಿಳಿಹೇಳಿದೆ, ಯಾವುದೋ ಹಳೆಯ ಸಿನಿಮಾದ ಧ್ವನಿಮುದ್ರಣ ಇರಬೇಕು, ಬುವಾ ಎಂಬ ಹೆಸರು ಎಲ್ಲ ಕಥೆಯಲ್ಲೂ ಇರುತ್ತದೆ ಎಂದು. ಅನುಚಾ ಮೆಲ್ಲಗೆ, “ಆ ಸಾಲು ನಾನು ಬರೆದದ್ದು, ಹೋದ ತಿಂಗಳು” ಎಂದ. ಮಾವ ತೀರಿಕೊಂಡು ವರ್ಷಗಳಾದವಲ್ಲ.

ಕಾನ್ವೆಂಟಿನ ಸಿಸ್ಟರ್‌ಗಳು ದೆವ್ವ ಇಲ್ಲವೆಂದು ಕಲಿಸಿದ್ದರು, ನಾನು ಆ ಪಾಠದಲ್ಲಿ ಮೊದಲಿಗಳು. ಆದರೂ ಅಂಗಡಿಗೆ ಓಡಿ, ಸತ್ತವರಿಗೆ ಎಡೆಯಿಡುವ ಕೆಂಪು ಶರಬತ್ತು ತಂದವಳು ನಾನೇ. ಮನೆಯೊಡತಿ ಊದುಬತ್ತಿ ಕೊಟ್ಟರು. “ಮೂರು ಹಚ್ಬೇಡ ಹುಚ್ಚಿ, ಬುದ್ಧನಿಗೆ ಮೂರು, ಹೋದವರಿಗೆ ಒಂದೇ” ಎಂದು ಗದರಿದರು. ಟೇಪ್ ರೆಕಾರ್ಡರಿನ ಮುಂದೆ ಒಂದು ಊದುಬತ್ತಿ, ಶರಬತ್ತಿಗೆ ಹೀರುಕೊಳವೆ, ನಿಮ್ಮ ಚಟ್ನಿಯಿಂದ ಒಂದು ಚಮಚ ಇಟ್ಟು ಎಲ್ಲರೂ ಕೈಮುಗಿದೆವು. ಅನುಚಾ ಮಾವನ ಅಪ್ಪಣೆ ಕೇಳಿದ, ನಿಮ್ಮ ನಗುವನ್ನು ನಮ್ಮ ಸಿನಿಮಾಕ್ಕೆ ಬಳಸಿಕೊಳ್ಳಬಹುದೇ ಎಂದು. ಕ್ಯಾಸೆಟ್ ಅಷ್ಟೊತ್ತಿಗೆ ಕೊನೆಗೆ ಬಂದು ಟಕ್ ಎಂದು ನಿಂತಿತು. ಒಪ್ಪಿಗೆ ಸಿಕ್ಕಿತೆಂದು ಎಲ್ಲರೂ ಅಂದುಕೊಂಡರು.

ಹಾಗಾಗಿ ಹೊಸ ಪೋಸ್ಟರ್ ಬರೆಯುತ್ತಿದ್ದೇನೆ. ಕಣ್ಣು ತೆಗೆಯುತ್ತೇನೆ, ನಿಮಗೆ ಇಷ್ಟವಾಗಲಿಲ್ಲ. ಅದರ ಬದಲು ಮೇಲೆ ದೊಡ್ಡ ಅಕ್ಷರದಲ್ಲಿ ‘ಕಮ್ತೋನ್ ಅವರ ನಗು, ಕೊನೆಯ ಬಾರಿ’ ಎಂದು. ಟೀಚರ್ ಒಪ್ಪಿದ್ದಾರೆ. ಮುಂದಿನ ವಾರ ಅಚ್ಚಿಗೆ ಹೋಗುತ್ತದೆ. ಮಾವನಿಗೆ ಇದಕ್ಕಿಂತ ದೊಡ್ಡ ಗೌರವ ನಮ್ಮಿಂದಾಗದು. ನಿಮಗೂ ಸಂತೋಷವೆಂದು ತಿಳಿದಿದ್ದೇನೆ.

ಆದರೆ ಅತ್ತೆ, ಆ ಕೋಳಿ ಯಾವುದು? ಬಾಗಿಲು ಮುಚ್ಚಿದ್ದು ಯಾರು?

ನೊಯ್ನಾ


ತಾಪಾನ್ ಹಿನ್
ಫೆಬ್ರವರಿ 9

ನೊಯ್ನಾ,

ಅಚ್ಚು ಹಾಕಬೇಡ. ಈ ಕಾಗದ ಕೈ ಸೇರಿದ ಕೂಡಲೇ ನಿಲ್ಲಿಸು.

ಕೋಳಿ ನನ್ನದು. ಬಾಗಿಲು ಮುಚ್ಚಿದ್ದು ನಾನು. ನಕ್ಕಿದ್ದೂ ನಾನೇ.

ನಿನ್ನ ಕಾಗದ ಓದುತ್ತಾ ಅಂಗಡಿಯಲ್ಲೇ ಕೂತು ನಕ್ಕೆ. ಶರಬತ್ತಿಗೆ ಕೊಳವೆ ಇಟ್ಟಿರಂತೆ, ಬದುಕಿರುವವಳಿಗೆ ಊದುಬತ್ತಿ ಹಚ್ಚಿದಿರಂತೆ. ಪಕ್ಕದ ಮೀನಂಗಡಿಯವಳು, “ಏನಕ್ಕ, ಕಾಗದದಲ್ಲಿ ಲಾಟರಿ ಬಂತಾ?” ಎಂದಳು. ಕೊನೆಗೆ ಪೋಸ್ಟರಿನ ಮಾತು ಬಂತು. ಆಗ ನಗು ನಿಂತು ಸಿಟ್ಟು ಬಂತು. ಅವನು ಸತ್ತ ಮೇಲೂ ನನ್ನ ನಗು ಅವನಿಗೇ ಹೋಯಿತಲ್ಲ ಎಂದು.

ಹೇಳುತ್ತೇನೆ ಕೇಳು. ನಾವಿಬ್ಬರೂ ಆ ಕೆಲಸಕ್ಕೆ ಸೇರಿದಾಗ ನಾನು ನಾಯಕಿ, ಅವನು ಖಳ, ಎಲ್ಲರಂತೆಯೇ. ಮೊದಲ ಸಿನಿಮಾದಲ್ಲಿ ನಾಯಕಿಯ ತಾಯಿ ಸಾಯುತ್ತಾಳೆ. ನಾನು ಅಳಬೇಕು. ನನಗೆ ಅಳು ಬರಲಿಲ್ಲ, ನಗು ಬಂತು. ಮೈಕಿಗೆ ಕೈ ಅಡ್ಡ ಹಿಡಿದು ಒದ್ದಾಡುತ್ತಿದ್ದೆ. ಅವನು ಮೈಕನ್ನು ತನ್ನ ಕಡೆ ಎಳೆದುಕೊಂಡು ಅತ್ತ. ಐದು ಅಕ್ಕಂದಿರ ಕೆಳಗೆ ಹುಟ್ಟಿದವನು, ಯಾವ ಅಕ್ಕ ಯಾವುದಕ್ಕೆ ಹೇಗೆ ಅಳುತ್ತಾಳೆಂದು ಅವನಿಗೆ ಗೊತ್ತಿತ್ತು. ಕೆಳಗೆ ಮಂದಿರವೇ ಮೂಗು ಸೀಟಿತು. ಖಳ ಬಂದಾಗ ಅವನು ಇನ್ನೂ ಬಿಕ್ಕುತ್ತಿದ್ದ, ಹಾಗಾಗಿ ನಾನು ನಕ್ಕೆ. ನನ್ನಪ್ಪ ಮೀನು ಹರಾಜು ಕೂಗುತ್ತಿದ್ದವನು. ಸೋತ ವ್ಯಾಪಾರಿಯನ್ನು ನೋಡಿ ಅವನು ನಗುತ್ತಿದ್ದ ನಗುವೇ ಅದು.

ಮಂದಿರದ ಯಜಮಾನ ಮೇಲೆ ಬಂದು ಹೇಳಿದ, “ಯಾರು ಯಾರಾದ್ರೂ ಆಗ್ರಪ್ಪ, ಬಾಗಿಲು ಮಾತ್ರ ಹಾಕ್ಕೊಳ್ಳಿ. ಪೋಸ್ಟರಲ್ಲಿ ಹೆಂಗಸಿನ ಹೆಸರೇ ಓಡೋದು.” ಹಾಗೆ ನಾನು ಅಳುವ ಲಮುನ್ ಆದೆ. ಸಂತೆಯಲ್ಲಿ ಹೆಂಗಸರು ನನ್ನ ಚೀಲಕ್ಕೆ ಒಂದು ಕಟ್ಟು ಸೊಪ್ಪು ಜಾಸ್ತಿ ಹಾಕುವರು, ಪಾಪ, ಎಷ್ಟು ಅಳುತ್ತಾಳೆ ಎಂದು. ಅವನಿಗೆ ಸಣ್ಣ ಮೀನನ್ನೇ ಆರಿಸಿ ಕೊಡುವರು. ಮನೆಗೆ ಬಂದು ಆ ಸಣ್ಣ ಮೀನನ್ನು ನನ್ನ ಸೊಪ್ಪಿನ ಜೊತೆ ಬೇಯಿಸಿ ತಿನ್ನುತ್ತಾ ಇಬ್ಬರೂ ನಗುತ್ತಿದ್ದೆವು. ಸಾರಾಯಿ ಅಂಗಡಿಯಲ್ಲಿ ಗೆಳೆಯರು, “ಒಂದ್ಸಲ ನಗೋ ಕಮ್ತೋನ್” ಎಂದು ಪೀಡಿಸಿದರೆ, “ಇಲ್ಲಿ ಪುಕ್ಕಟೆ ನಕ್ಕರೆ ಅಲ್ಲಿ ಟಿಕೆಟ್ ಯಾರು ತಗೊಳ್ತಾರೆ?” ಎಂದು ಜಾರಿಕೊಳ್ಳುವನು. ಅವನ ಅಳು ಹೊರಗೆ ಬಂದರೆ ಅದೇ ಗೆಳೆಯರು ಅವನನ್ನು ಹೆಣ್ಣಿಗ ಎಂದು ಕರೆಯುತ್ತಿದ್ದರು. ಆ ಭಯ ಅವನಿಗಿತ್ತು. ನನಗೆ ಹೇಳಿರಲಿಲ್ಲ, ಆದರೆ ಇತ್ತು.

ಅವನನ್ನು ದಹನ ಮಾಡಿದ ದಿನ ಆ ಗೆಳೆಯರೇ ಧ್ವನಿವರ್ಧಕದಲ್ಲಿ ಹೇಳಿದರು, “ತಾಪಾನ್ ಹಿನ್ ನಡುಗಿಸಿದ ನಗು ಇವತ್ತು ಹೋಯ್ತು” ಎಂದು. ಆ ನಗು ಗಂಟಲಲ್ಲಿ ಇಟ್ಟುಕೊಂಡು ನಾನು ಅಲ್ಲೇ ಕೂತಿದ್ದೆ. ಹೋದದ್ದು ಅಳು. ಅದನ್ನು ಯಾರೂ ಹೇಳಲಿಲ್ಲ.

ನಿನ್ನ ಮದುವೆಗೆ ಬರದಿದ್ದುದು ಮಂಡಿನೋವಿನಿಂದಲ್ಲ. ಎಲ್ಲಿಗೆ ಹೋದರೂ, “ಲಮುನಕ್ಕ, ಒಂದು ಸಾಲು ಅಳಿ” ಎಂದು ಕೇಳುತ್ತಾರೆ. ಅವನಿದ್ದಾಗ ಅದು ನಮ್ಮಿಬ್ಬರ ತಮಾಷೆ. ಅವನಿಲ್ಲದೆ ಅದು ನನ್ನೊಬ್ಬಳ ಸುಳ್ಳು. ತೂನ್‌ನ ಮದುವೆಯಲ್ಲಿ ಆ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ಈ ಎರಡು ದಿನ ಯೋಚಿಸಿದೆ. ಸುಮ್ಮನಿದ್ದರೆ ಅವನ ಗಂಡಸುತನ ಉಳಿಯುತ್ತದೆ, ಅವನ ವಿದ್ಯೆ ಹೋಗುತ್ತದೆ. ನಾನು ಆ ವಿದ್ಯೆಯ ಪಕ್ಕದಲ್ಲಿ ಕೂತವಳು. ಹಾಗಾಗಿ ಹೆಸರು ಹಾಕುವುದಾದರೆ ಇದ್ದಂತೆ ಹಾಕು. ಅಳು ಅವನದು, ನಗು ನನ್ನದು.

ಆದರೆ ಬ್ಯಾಂಕಾಕಿನಲ್ಲಿ ಮೊದಲು ಅಂಟಿಸಬೇಡ. ಅಲ್ಲಿ ಅವನನ್ನು ಬಲ್ಲವರಿಲ್ಲ, ಅಲ್ಲಿ ನಿಜ ಹೇಳಲು ಧೈರ್ಯ ಬೇಡ. ಮೊದಲು ಇಲ್ಲಿ, ಸಾರಾಯಿ ಅಂಗಡಿಯ ಎದುರು ಗೋಡೆಗೆ. ನಗುವವರು ನಗಲಿ. ಅವನು ಉತ್ತರ ಕೊಡಲಾರ, ನಾನು ಕೊಡುತ್ತೇನೆ. ನಿಮ್ಮ ಸಿನಿಮಾಕ್ಕೆ ಇಲ್ಲಿನ ವಿಹಾರದ ಅಂಗಳದಲ್ಲಿ ಪರದೆ ಕಟ್ಟಲು ಹಿರಿಯ ಭಿಕ್ಷುಗಳನ್ನು ಕೇಳಿದ್ದೇನೆ, ಒಪ್ಪಿದ್ದಾರೆ.

ಬುವಾಳ ಮಾತು ನೀನೇ ಆಡು, ಖಳನ ಮಾತು ನಾನು ಆಡುತ್ತೇನೆ. ಅವನು ಹೇಗೆ ಅಳುತ್ತಿದ್ದನೆಂದು ಹೇಳಿಕೊಡುತ್ತೇನೆ. ನನಗೆ ಆಡಲು ಬಾರದು, ಆದರೆ ಎಲ್ಲಿ ಉಸಿರು ಎಳೆಯುತ್ತಿದ್ದ, ಎಲ್ಲಿ ಮಾತು ನುಂಗುತ್ತಿದ್ದ, ಎಲ್ಲ ಗೊತ್ತು. ಕಾನ್ವೆಂಟಿನ ಹುಡುಗಿಯರು ಅಳುವಾಗಲೂ ಕ್ಷಮಿಸಿ ಎನ್ನುತ್ತಾರೇನೋ, ಅದನ್ನು ಮೊದಲು ಬಿಡಿಸಬೇಕು.

ಲಮುನ್


ಬ್ಯಾಂಕಾಕ್
ಫೆಬ್ರವರಿ 14

ಅತ್ತೆ,

ಅಚ್ಚು ನಿಲ್ಲಿಸಿದೆ. ಚೌಕಟ್ಟಿಗೆ ಬಣ್ಣ ಸುರಿದಾಗಿತ್ತು, ಅನುಚಾ ಅಳಿಸಿ ತೊಳೆದ. ಈಗ ಅವನ ಕೈಯೂ ನೀಲಿ.

ನಿಮ್ಮ ಕಾಗದವನ್ನು ವಿತೂನ್‌ಗೆ ಗಟ್ಟಿಯಾಗಿ ಓದಿ ಹೇಳಿದೆ. ನಾನು ಅವರ ಮುಖವನ್ನೇ ನೋಡುತ್ತಿದ್ದೆ, ಎಲ್ಲಿ ನೊಂದುಕೊಳ್ಳುತ್ತಾರೋ ಎಂದು. ಅವರು, “ಹಾಗಾದ್ರೆ ಚಿಕ್ಕಂದಿನಲ್ಲಿ ನನ್ನ ಅಳಿಸಿದ್ದು ಮಾವ” ಎಂದರು. ಆಮೇಲೆ, “ಬೆಂಚಿನ ಕೆಳಗೆ ಇಳಿಸಿದ್ದು ಅತ್ತೆ. ಈಗಲೂ ಹೆದರಿಕೆ ಆಗುತ್ತೆ” ಎಂದು ನಕ್ಕರು. ಆ ರಾತ್ರಿ ನಿಮ್ಮ ಹೊದಿಕೆಯನ್ನು ತಾವಾಗಿಯೇ ಎಳೆದುಕೊಂಡರು.

ಸುಪಾನೀ ಟೀಚರಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಕಟ್ಟೆಯ ಬಳಿ ಅಂಟಿಸಿದ್ದು ಸುಳ್ಳಾಯಿತು, ಅದಕ್ಕೆ ಅಂಕ ಇಲ್ಲ ಎಂದರು. ಹೊಸದು ತಾಪಾನ್ ಹಿನ್‌ನಲ್ಲಿ ಅಂಟಿಸಿ, ಮಾರ್ಚ್ 5ರ ಪ್ರದರ್ಶನವನ್ನೂ ಸಭಾಂಗಣದ ಬದಲು ಅಲ್ಲಿನ ವಿಹಾರದಲ್ಲೇ ಇಟ್ಟು, ಎಷ್ಟು ಜನ ಬರುತ್ತಾರೋ ಅದರ ಮೇಲೆ ನಿನ್ನ ಪಾಸು ಫೇಲು ಎಂದರು. ಊರವರು ಸಿಟ್ಟಾಗಿ ಒಬ್ಬರೂ ಬರದೆ ಇರಬಹುದು ಎಂದು ಎಚ್ಚರಿಸಿದರು. ಇರಬಹುದು ಎಂದೆ. ಸೊಪ್ಪಿನ ಅಜ್ಜಿಯ ಬಳಿ ಹೋಗಿ, ಅಳುತ್ತಿದ್ದವರು ಲಮುನ್ ಅಲ್ಲ ಎಂದಷ್ಟೇ ಹೇಳಿ ದೋಣಿಯ ಪೋಸ್ಟರ್ ಕೆರೆದು ತೆಗೆದೆ. ಯಾರೆಂದು ಹೇಳಲಿಲ್ಲ, ಮೊದಲು ನಿಮ್ಮೂರಿಗೆ ಎಂದಿದ್ದಿರಲ್ಲ. ಅವರು ಬೈದರು, ಕೆರೆಯಲು ಸೊಪ್ಪು ಕತ್ತರಿಸುವ ಚೂರಿ ಕೊಟ್ಟವರೂ ಅವರೇ.

ಹೊಸ ಪೋಸ್ಟರ್ ಹೀಗಿದೆ. ಹಾಳೆಯ ನಡುವೆ ನದಿ. ಈ ದಡದಲ್ಲಿ ಬುವಾ, ಎರಡು ಕೈ ಬಾಯಿಗೆ ಹಿಡಿದು ಕೂಗುತ್ತಿದ್ದಾಳೆ. ಆ ದಡದಲ್ಲಿ ಗುತ್ತಿಗೆದಾರ, ಹೊಟ್ಟೆಯಿಂದ ನಗುತ್ತಿದ್ದಾನೆ. ಬುವಾಳ ಬಾಯಿಂದ ನೀರಿನ ಅಲೆಯಂತೆ ಹೊರಡುವ ಅಕ್ಷರಗಳು ‘ಕಮ್ತೋನ್’. ಅವನ ಬಾಯಿಂದ ಹೊರಡುವವು ‘ಲಮುನ್’. ಎರಡೂ ಹೆಸರು ಒಂದೇ ಅಳತೆ, ನದಿಯ ನಡುವೆ ಒಂದನ್ನೊಂದು ದಾಟಿ ಹೋಗುತ್ತವೆ. ಬುವಾಳ ಕಾಲ ಬಳಿ ಸಣ್ಣ ಅಕ್ಷರದಲ್ಲಿ ‘ಅವರ ಅಳುವನ್ನು ಕಲಿಯುತ್ತಿರುವವಳು – ನೊಯ್ನಾ’ ಎಂದು ಬರೆದಿದ್ದೇನೆ. ನಾಯಕಿಯ ಹೆಸರಿಗೆ ಜಾಗವೇ ಉಳಿಯಲಿಲ್ಲ. ಅವಳು ನನ್ನ ಗೆಳತಿ, ಬೈದುಕೊಂಡೇ ಒಪ್ಪಿದಳು.

ಒಂದನ್ನೂ ಇಲ್ಲಿ ಅಂಟಿಸಿಲ್ಲ. ಮೈದಾ ಅಂಟನ್ನು ಅಲ್ಲೇ ಕಾಯಿಸೋಣ. ಬಕೆಟ್ ನಿಮ್ಮದು, ಕುಂಚ ನನ್ನದು. ಸಾರಾಯಿ ಅಂಗಡಿಯ ಮುಂದೆ ನನ್ನ ಕುಂಚ ನಿಂತುಹೋದರೆ ನೀವು ಒಂದು ಸಲ ನಗಬೇಕು, ಅಷ್ಟೇ ನನ್ನ ಷರತ್ತು. ಅಳು ಕಲಿಯಲು ಎರಡು ವಾರ ಸಾಕೇ? ನಿನ್ನೆಯಿಂದ ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದೇನೆ. ವಿತೂನ್ ಬಂದು ನೋಡಿ, ಹಲ್ಲುನೋವಾ ಎಂದು ಕೇಳಿದರು. ಅವರು ಪ್ರದರ್ಶನದ ಹಿಂದಿನ ದಿನ ಉಳಿದವರ ಜೊತೆ ಪ್ರೊಜೆಕ್ಟರ್ ತೆಗೆದುಕೊಂಡು ಬರುತ್ತಾರೆ. ನಾನು ಮೊದಲೇ, ಒಬ್ಬಳೇ. ನನ್ನನ್ನು ಗುರುತಿಸುವುದು ಸುಲಭ, ನನಗಿಂತ ಉದ್ದದ ಪೋಸ್ಟರ್ ಸುರುಳಿ ತಬ್ಬಿಕೊಂಡು ಇಳಿಯುವವಳು ಇನ್ನೊಬ್ಬಳು ಇರಲಾರಳು.

ಫೆಬ್ರವರಿ 19, ಶನಿವಾರ. ಬ್ಯಾಂಕಾಕಿನಿಂದ ಪಿಟ್ಸನುಲೋಕಕ್ಕೆ ಹೋಗುವ ಬೆಳಗಿನ ಸಾಮಾನ್ಯ ಗಾಡಿ, ಮೂರನೆಯ ದರ್ಜೆ, ತಾಪಾನ್ ಹಿನ್‌ನಲ್ಲಿ ಇಳಿಯುತ್ತೇನೆ.

ನೊಯ್ನಾ